ಅಕ್ಕನ ಧ್ವನಿ ಇದ್ದ ಒಂದೇ ಫೈಲು

ರಿಪೇರಿಯವನು ಹಾರ್ಡ್ ಡಿಸ್ಕನ್ನು ಮೇಜಿನ ಮೇಲಿಟ್ಟು ಅವಳನ್ನು ಕೆಕ್ಕರಿಸಿ ನೋಡಿದ.

"ಟೀಚರಮ್ಮಾ, ಅಳಿಸಿಹೋದ ಫೈಲ್ ಹುಡುಕೋ ಸಾಫ್ಟ್‌ವೇರನ್ನ ಅದೇ ಡಿಸ್ಕಿಗೆ ಹಾಕಿದ್ದೀರಿ. ಹುಡುಕಬೇಕಾದ ಫೈಲುಗಳ ಮೇಲೇ ಅದು ಹೋಗಿ ಕೂತಿದೆ. ಯಾರು ಹೇಳಿಕೊಟ್ಟರು ಈ ಬುದ್ಧಿ?"

"ಯಾರೂ ಇಲ್ಲ. ನಿಮ್ಮ ಮುಖ ನೋಡೋದು ತಪ್ಪಲಿ ಅಂತ ನಾನೇ ಹಾಕಿದೆ."

ಈ ಡ್ರಾಯಿಂಗ್ ಟೀಚರಿಗೂ ಅವನಿಗೂ ಐದು ವರ್ಷಗಳಿಂದ ಎಣ್ಣೆ ಸೀಗೆಕಾಯಿ. ಕಂಪ್ಯೂಟರ್ ಮಾರಿದವನು ಅವನೇ. ಅದು ಕೆಟ್ಟಾಗಲೆಲ್ಲ ಅವಳು ಜಗಳಕ್ಕೆಂದು ಎರಡು ಬೀದಿ ದಾಟಿ ಬರುತ್ತಿದ್ದಳು. ಅವಳ ಮನೆಯೆದುರಿಗೇ ಇನ್ನೊಂದು ರಿಪೇರಿ ಅಂಗಡಿ ಇತ್ತಲ್ಲ ಎಂದು ಮಾತ್ರ ಯಾರೂ ಕೇಳಬಾರದು.

ಇವತ್ತು ಬಂದದ್ದು ಜಗಳಕ್ಕಲ್ಲ. ಎರಡು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆದಮೇಲೆ ಅಕ್ಕನಿಗೆ ಮಾತು ಹೊರಡುವುದಿಲ್ಲ. ಅದಕ್ಕೆ ಮೊದಲು, ಮಗಳು ದೊಡ್ಡವಳಾದ ಮೇಲೆ ಕೇಳಲಿ ಎಂದು, ಅಕ್ಕ ಇವಳ ಕಂಪ್ಯೂಟರಿನಲ್ಲಿ ನಲವತ್ತು ಕಥೆ ರೆಕಾರ್ಡ್ ಮಾಡಿಟ್ಟಿದ್ದಳು. ಜಾಗ ಖಾಲಿ ಮಾಡಲು ಹೋಗಿ ಅಷ್ಟನ್ನೂ ಅಳಿಸಿದವಳು ಇವಳು. ಅಕ್ಕ ಸಿಟ್ಟಾಗಲಿಲ್ಲ, ಗೋಡೆಯ ಕಡೆ ತಿರುಗಿ ಮಲಗಿದಳು.

"ಎಷ್ಟು ಉಳಿದಿದೆ?"

"ಒಂದು."

ಅವನು ಅವಳತ್ತ ಸ್ಟೂಲು ಸರಿಸಿದ. ವಾಪಸ್ ಸಿಕ್ಕ ಫೈಲನ್ನು ಗಿರಾಕಿಯ ಎದುರೇ ಪೂರ್ತಿ ಕೇಳಿಸುವುದು ಅವನ ಪದ್ಧತಿ. ಸ್ಪೀಕರ್ ಹಾಕಿದ.

"ಪುಟ್ಟೀ," ಅಕ್ಕ ನಗುತ್ತಿದ್ದಳು, "ಇವತ್ತಿನ ಕಥೆ ನಿನ್ನ ಚಿಕ್ಕಮ್ಮಂದು. ಕಂಪ್ಯೂಟರಿನ ವೈರು ತಾನೇ ಕಿತ್ತಿಟ್ಟು, ಕೆಟ್ಟಿದೆ ಅಂತ ಆ ರಿಪೇರಿಯವನ ಹತ್ತಿರ ಹೋಗ್ತಾಳೆ. ಹೋಗೋ ಮೊದಲು ಮೂರು ಸಲ ಬಟ್ಟೆ ಬದಲಾಯಿಸ್ತಾಳೆ. ಬೈದು ಬಂದ ದಿನ ಮನೆ ತುಂಬ ಹಾಡು."

ಎರಡು ವರ್ಷದ ಮೇಲೆ ಕೇಳಿದ ಆ ದನಿಗೆ ಅವಳ ಕಣ್ಣು ತುಂಬಿತು. ನಾಚಿಕೆಗೆ ಕಿವಿ ಸುಟ್ಟಿತು.

"ಅಳಿಸಿಬಿಡಿ."

"ಅಳಿಸಿದರೆ ನಿಮ್ಮಕ್ಕನ ದನಿ ಇನ್ನೆಲ್ಲೂ ಇಲ್ಲ." ಅವನು ನಗಲಿಲ್ಲ. "ವೈರಿನ ವಿಷಯ ನನಗೆ ಮೊದಲ ದಿನವೇ ಗೊತ್ತಾಗಿತ್ತು."

"ಮತ್ತೆ ಬಾಯಿಗೇನು ಬೀಗ ಬಿದ್ದಿತ್ತಾ?"

"ಹೇಳಿದ್ದರೆ ನೀವು ಬರೋದು ನಿಂತುಹೋಗ್ತಿತ್ತು."

ಅವನು ಫೈಲನ್ನು ಪೆನ್ ಡ್ರೈವಿಗೆ ಹಾಕಿ ಅವಳ ಮುಂದಿಟ್ಟ. ಅವಳು ಅವನನ್ನು ನೋಡಿದಳು, ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತೇ ನೋಡಿದಳು.

"ಸಂಜೆ ಮನೆಗೆ ಬನ್ನಿ. ಅಕ್ಕನಿಗೂ ಮಗುವಿಗೂ ಇದನ್ನ ನೀವೇ ಕೇಳಿಸಿ. ರಿಪೇರಿಯವನು ಯಾರು ಅಂತ ಮಗು ಕೇಳುತ್ತೆ, ಅದಕ್ಕೂ ನೀವೇ ಉತ್ತರ ಹೇಳಿ."

"ಏನಂತ ಹೇಳಲಿ?"

"ಚಿಕ್ಕಪ್ಪ ಅಂತ," ಎಂದಳು, ಜಗಳದ ದನಿಯಲ್ಲೇ.