ನಲವತ್ತನೆಯ ಉಪವಾಸ

ಅಕ್ರೋಟು ಕೈಬಿಟ್ಟ ಕ್ಷಣದಲ್ಲೇ ಬ್ಲೂಮಾಳ ಎದೆ ಧಸಕ್ಕೆಂದಿತು... ಅಯ್ಯೋ, ಬೇಡವಾಗಿತ್ತು!

ಕೆಳಗೆ ಯಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗಿನ ನಡುವೆ ಗಂಡಸರು ತಮ್ಮ ಧರ್ಮಗ್ರಂಥ ತೋರಾದ ಸುರುಳಿಗಳನ್ನು ಎದೆಗವಚಿಕೊಂಡು ಹಬ್ಬದ ಕುಣಿತ ಕುಣಿಯುತ್ತಿದ್ದರು. ಅವರಲ್ಲಿ ಹೆನೋಖ್ ಒಬ್ಬ. ಲಿಥುವೇನಿಯಾದಿಂದ ಅಮೆರಿಕದ ಬಾಲ್ಟಿಮೋರಿಗೆ ಬಂದು ಮೂರೇ ತಿಂಗಳು. ಸಿನಗಾಗಿನ ಮಕ್ಕಳಿಗೆ ಅವನನ್ನೇ ಮೇಷ್ಟ್ರಾಗಿ ಇಟ್ಟುಕೊಳ್ಳುವ ಮಾತು ನಡೆದಿತ್ತು. ಮೇಲೆ ಹೆಂಗಸರ ಬಾಲ್ಕನಿಯಿಂದ ಒಬ್ಬಳು ಅಷ್ಟೂ ದಿನ ತನ್ನನ್ನೇ ನೋಡುತ್ತಿದ್ದಾಳೆಂಬ ಪರಿವೆಯಾದರೂ ಆ ಪುಣ್ಯಾತ್ಮನಿಗೆ ಬೇಡವೇ? ಕುಣಿತ ಮುಗಿದ ಮೇಲೆ ಹೆಂಗಸರು ಅಕ್ರೋಟು, ಒಣದ್ರಾಕ್ಷಿ ಎಸೆಯುವುದು ವಾಡಿಕೆ. ಬ್ಲೂಮಾಳಿಗೆ ಅಷ್ಟು ಹೊತ್ತು ತಡೆಯಲಾಗಲಿಲ್ಲ.

ಅಕ್ರೋಟು ನೇರ ಅವನ ಕನ್ನಡಕಕ್ಕೆ ಬಡಿಯಿತು. ಅವನು ತಲೆ ಎತ್ತಿದ. ಕಣ್ಣು ಕಣ್ಣು ಕೂಡಿದವು... ಮರುಕ್ಷಣ ಕಾಲು ತೊಡರಿ ಮುಗ್ಗರಿಸಿದ. ಸುರುಳಿ ನೆಲಕ್ಕೆ ಬಿತ್ತು!

ಹಾಡು ನಿಂತೇಹೋಯಿತು.

ಅದು ಅಂತಿಂಥ ಸುರುಳಿಯಲ್ಲ. ಬ್ಲೂಮಾಳ ತಾತ ಲಿಥುವೇನಿಯಾದ ಕೋವ್ನೊದಿಂದ ಹಾಸಿಗೆಯಲ್ಲಿ ಸುತ್ತಿ ತಂದದ್ದು. ಹಡಗಿನಲ್ಲಿ ಹದಿನಾರು ದಿನ ಅದನ್ನು ಮಲಗಿಸಿ, ತಾವು ಕೂತೇ ನಿದ್ದೆ ಮಾಡಿದ್ದರಂತೆ. ಇಲ್ಲಿನ ಲೊಂಬಾರ್ಡ್ ಬೀದಿಯ ದರ್ಜಿಗಳು ಆಗ ಒಂದು ಗೋದಾಮಿನ ಮಹಡಿಯಲ್ಲಿ ಆ ಒಂದೇ ಸುರುಳಿಯ ಮುಂದೆ ಪ್ರಾರ್ಥಿಸುತ್ತಿದ್ದರು. ಈ ಸಿನಗಾಗ್ ಎದ್ದದ್ದು ಆಮೇಲೆ, ಅವರ ಹೊಲಿಗೆಯ ದುಡ್ಡಿನಲ್ಲೇ.

"ಸುರುಳಿ ಬಿದ್ರೆ ನಲವತ್ತು ಉಪವಾಸ," ಧರ್ಮಗುರು ರಬ್ಬಿ ನಿಧಾನವಾಗಿ ಹೇಳಿದರು. "ಹಂಚ್ಕೊಳ್ಳೋಣ. ನಲವತ್ತು ಜನ, ತಲೆಗೊಂದು ದಿನ."

"ಬೇಡ ರಬ್ಬಿ. ಬೀಳಿಸಿದ್ದು ನಾನು. ನಲವತ್ತೂ ನಂದೇ," ಎಂದ ಹೆನೋಖ್.

ಸಿನಗಾಗಿನ ಅಧ್ಯಕ್ಷ ಗೆಟ್ಸೆಲ್, ಅಂದರೆ ಬ್ಲೂಮಾಳ ಅಪ್ಪ, ಸಿಟ್ಟಿನಿಂದ ಮುಂದೆ ಬಂದರು. "ಸುರುಳಿ ಹಿಡಿಯೋಕೆ ಬಾರದ ಕೈಗೆ ನಮ್ಮ ಮಕ್ಕಳನ್ನ ಒಪ್ಪಿಸ್ಬೇಕಾ? ಮೇಷ್ಟ್ರ ಕೆಲಸದ ಮಾತು ಇವತ್ತಿಗೆ ಮುಗೀತು!"

'ಎಸೆದದ್ದು ನಾನು ಅಂತ ಹೇಳು... ಈಗಲೇ ಹೇಳು!' ಬ್ಲೂಮಾಳ ಮನಸ್ಸು ಚೀರಿತು. ಬಾಯಿ ಮಾತ್ರ ತೆರೆಯಲಿಲ್ಲ.

ಮರುದಿನದಿಂದ ಅವಳೂ ಉಪವಾಸ ಹಿಡಿದಳು. ವಾರದ ವಿಶ್ರಾಂತಿಯ ದಿನವಾದ ಶಬ್ಬಾತ್ ಒಂದು ಬಿಟ್ಟು ದಿನವೂ, ನಕ್ಷತ್ರ ಮೂಡುವ ತನಕ. ಮನೆಯಲ್ಲಿ "ಕಾರ್ಖಾನೆಯಲ್ಲಿ ತಿಂದೆ" ಎಂದಳು. ಕಾರ್ಖಾನೆಯಲ್ಲಿ "ಮನೆಯಲ್ಲಿ ತಿಂದೆ" ಎಂದಳು. ಹೇಳಬೇಕಾದ್ದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಇಪ್ಪತ್ತನೆಯ ಉಪವಾಸದ ದಿನ ಮೀನಿನ ಅಂಗಡಿಯ ಮುಂದೆ ಹೆನೋಖ್ ಎದುರಾದ. ಕೆನ್ನೆ ಒಳಸೇರಿತ್ತು. ಅವಳನ್ನು ಕಂಡದ್ದೇ ಮುಖ ತಿರುಗಿಸಿದ.

"ನಿಲ್ಲಿ... ಒಂದು ಮಾತು..."

"ಇನ್ನೂ ನಗೋದು ಬಾಕಿ ಇದ್ಯಾ?" ಅವನ ದನಿ ಒರಟಾಗಿತ್ತು. "ಹೊಸಬ ಅಂತ ಬೀದಿಯೆಲ್ಲಾ ನಗುತ್ತೆ. ನೀವು ಗುರಿಯಿಟ್ಟು ಹೊಡೆದು ನಕ್ರಿ. ಅಷ್ಟೇ ವ್ಯತ್ಯಾಸ."

ಅವನು ಹೋಗಿಯೇಬಿಟ್ಟ. ಅವನು ನೋಡಿದ್ದಾನೆ... ಅಣಕ ಅಂದುಕೊಂಡಿದ್ದಾನೆ... ಆದರೂ ಯಾರ ಮುಂದೆಯೂ ತನ್ನ ಹೆಸರೆತ್ತಿಲ್ಲ! ಬ್ಲೂಮಾಳಿಗೆ ಅಳು ತಡೆಯಲಾಗಲಿಲ್ಲ.

ನಲವತ್ತನೆಯ ಉಪವಾಸದ ದಿನ. ಸಂಜೆಯ ಪ್ರಾರ್ಥನೆಗೆ ಜನ ಸೇರುತ್ತಿದ್ದರು.

"ಹೆನೋಖ್ ನಾಳೆ ಬೆಳಿಗ್ಗೆ ಚಿಕಾಗೋ ರೈಲಿಗೆ ಹೊರಟನಂತೆ ಕಣೇ," ಬಾಲ್ಕನಿಯಲ್ಲಿ ಬ್ಲೂಮಾಳ ಪಕ್ಕ ಕೂತಿದ್ದ ಝ್ಲಾಟಾ ಅಜ್ಜಿ ಪಿಸುಗುಟ್ಟಿದಳು. "ಅಲ್ಲಾದ್ರೂ ಕೈ ಗಟ್ಟಿಯಾಗ್ಲಿ ಪಾಪ."

ಬ್ಲೂಮಾ ಎದ್ದು ನಿಂತು ಬಾಲ್ಕನಿಯ ಕಟಕಟೆ ಹಿಡಿದಳು.

"ಅಪ್ಪಾ! ಅವರ ಕೈಯಲ್ಲಿ ತಪ್ಪಿಲ್ಲ! ಕುಣಿಯೋವಾಗ ಅಕ್ರೋಟು ಎಸೆದದ್ದು ನಾನು!"

ಕೆಳಗೆ ಟೋಪಿಗಳೆಲ್ಲ ಒಟ್ಟಿಗೆ ಮೇಲೆ ತಿರುಗಿದವು.

"ಯಾಕೆ?" ಗೆಟ್ಸೆಲ್ ಕೇಳಿದರು.

"ಅಣಕಿಸೋಕಲ್ಲ..." ಅವಳು ಹೆನೋಖನನ್ನೇ ನೋಡುತ್ತಾ ಹೇಳಿದಳು. "ಒಂದು ಸಲ... ಒಂದೇ ಒಂದು ಸಲ ಮೇಲೆ ನೋಡ್ಲಿ ಅಂತ."

"ಅಯ್ಯೋ ನನ್ನ ತಾಯಿ!" ಝ್ಲಾಟಾ ಅಜ್ಜಿ ಬೆಂಚಿನ ಮೇಲೆ ಕುಸಿದಳು.

ಗೆಟ್ಸೆಲ್ ಹೆನೋಖನ ಕಡೆ ತಿರುಗಿದರು. "ನಿನಗೆ ಗೊತ್ತಿತ್ತೇನಪ್ಪ?"

"ಗೊತ್ತಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಸುರುಳಿ ಇದ್ದದ್ದು ನನ್ನ ಕೈಲಿ ಅಲ್ವಾ ಯಜಮಾನ್ರೇ."

ಪ್ರಾರ್ಥನೆ ಮುಗಿದಾಗ ಆಕಾಶದಲ್ಲಿ ಮೂರು ನಕ್ಷತ್ರ ಮೂಡಿದ್ದವು; ಉಪವಾಸ ಮುಗಿದಿತ್ತು. ಹೆನೋಖ್ ಹೊರಗಿನ ಮೆಟ್ಟಿಲಿಳಿದು, ಕೆಳಗೆ ಕಾಯುತ್ತಿದ್ದ ಬ್ಲೂಮಾಳ ಬಳಿ ಬಂದ. ಕೈಯಲ್ಲಿ ರಬ್ಬಿಯ ಹೆಂಡತಿ ಕೊಟ್ಟ ಬ್ರೆಡ್ಡಿನ ಒಂದು ತುಂಡು.

"ನಾಳೆ ಹೋಗ್ತೀರಾ?" ಬ್ಲೂಮಾ ತಲೆ ಎತ್ತದೆ ಕೇಳಿದಳು.

"ಎಲ್ಲಿಗೆ? ರೈಲಿನ ಟಿಕೇಟು ನಿಮ್ಮಪ್ಪ ಕಿತ್ಕೊಂಡ್ರು. ಮಂಗಳವಾರದಿಂದ ಮಕ್ಕಳಿಗೆ ಪಾಠ ಅಂತೆ." ಅವನು ಕನ್ನಡಕ ತೆಗೆದು ಒರೆಸಿದ. "ನಿಮ್ಮನ್ನ ಮನಸ್ಸಲ್ಲೇ ತುಂಬಾ ಬೈಕೊಂಡಿದ್ದೀನಿ... ಕ್ಷಮಿಸ್ತೀರಾ?"

ಅವಳು ಉತ್ತರಿಸಲು ಹೊರಟಳು. ಕಣ್ಣು ಕತ್ತಲಿಟ್ಟು ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಏನಾಯ್ತು? ಊಟ ಮಾಡಿಲ್ವಾ?"

"ಹೇಗೆ ಮಾಡ್ಲಿ? ಇವತ್ತು ನಲವತ್ತನೇದು."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. "ನೀವೂನಾ... ಎಲ್ಲಾ ದಿನಾನೂ?"

ಅವಳು ತಲೆಯಾಡಿಸಿದಳು.

ಹೆನೋಖ್ ಪಕ್ಕದಲ್ಲಿ ಕೂತು ಬ್ರೆಡ್ಡು ಮುರಿದ. ಅವನ ಕಣ್ಣು ತುಂಬಿತ್ತು. "ಮೊದಲು ನೀವು."

"ಉಹೂಂ... ಒಟ್ಟಿಗೇ."