ಐದು ಪೌಂಡ್ ಗಾಳಿ

ಟೈರಿಗೆ ಮೂವತ್ತು ಪೌಂಡ್ ಗಾಳಿ ಹೊಡೆಸಿಕೊಂಡು ಬಂಡೆ ಹತ್ತಲು ಹೊರಟ ಗಂಡಸನ್ನು ಮಯೂರಿ ಅದಕ್ಕೂ ಮೊದಲು ಕಂಡಿರಲಿಲ್ಲ. ಪೆದ್ದರನ್ನು ಕಂಡಿದ್ದಳು, ಬೇಕಾದಷ್ಟು. ಯಮಕನಮರಡಿಯ ಹೈವೇ ಬಾಜೂ, ಅಪ್ಪ ಭೀಮರಾಯನ ಪಂಕ್ಚರ್ ಅಂಗಡಿಯಲ್ಲಿ ಆರು ವರ್ಷ ಕೂತವಳಿಗೆ ಪೆದ್ದರ ಬರಗಾಲವೇ? ಆದರೆ ಇವನು ಓದಿದ ಪೆದ್ದ. ಅದಕ್ಕೆ ಮದ್ದಿಲ್ಲ.

ಹೆಸರು ಸುಶಾಂತ, ಹುಕ್ಕೇರಿಯಲ್ಲಿ ಸರ್ವೆಯರ್. ಎರಡು ಹೊಲದ ನಡುವಿನ ಬದುವನ್ನು ಬೆರಳಗಲ ತಪ್ಪದೆ ಅಳೆಯುವವನು. ರವಿವಾರ ಬಂತೆಂದರೆ ಪಿಕಪ್ ಗಾಡಿಯಲ್ಲಿ ತನ್ನ ಟ್ರಯಲ್ಸ್ ಬೈಕ್ ಹೇರಿಕೊಂಡು ಊರಾಚೆಯ ಗುಡ್ಡಕ್ಕೆ ಬರುತ್ತಿದ್ದ. ಸೀಟಿಲ್ಲದ ಬೈಕದು. ನಿಂತೇ ಓಡಿಸಬೇಕು, ಬಂಡೆಯಿಂದ ಬಂಡೆಗೆ ಹತ್ತಿಸಬೇಕು, ಕಾಲು ನೆಲಕ್ಕೆ ತಾಗಿದರೆ ಪಾಯಿಂಟ್ ಹೋಯಿತು.

ಮೊದಲ ದಿನವೇ ಅವಳು ಹೇಳಿದ್ದಳು. ‘ಇದಕ್ಕ ಹಿಂದ ಐದು, ಮುಂದ ಆರು ಸಾಕ್ರಿ. ಮೆತ್ತಗಿದ್ರ ಟಾಯರ್ ಕಲ್ಲ ಹಿಡೀತೈತಿ.’

ಅವನು ಅಂಗಡಿಯ ಮೀಟರನ್ನು ಎತ್ತಿ ತೋರಿಸಿದ. ಲಾರಿ ಟೈರಿನ ಮೀಟರದು, ಅದರ ಗೆರೆಗಳು ಶುರುವಾಗುವುದೇ ಹತ್ತರಿಂದ. ಹತ್ತರ ಕೆಳಗೆ ಗಾಳಿ ಎಂಬುದೇ ಇಲ್ಲ, ಅದನ್ನು ಪಂಕ್ಚರ್ ಅನ್ನುತ್ತಾರೆ ಎಂದು ಅವಳಿಗೇ ಪಾಠ ಮಾಡಿದ. ಟೈರಿಗೆ ರಾಡಿನಿಂದ ಬಡಿದು, ಅದು ಠಣ್ ಅಂದರೆ ಮಾತ್ರ ಗಾಳಿ ತುಂಬಿದೆ ಎಂದು ಒಪ್ಪುವ ಲಾರಿ ಡ್ರೈವರುಗಳೂ ಅವನ ಪರ ತಲೆಯಾಡಿಸಿದರು. ಗೋಕಾಕದ ರೈಡರುಗಳು ಅಷ್ಟು ದೂರದಿಂದ ಬಂದು ಇವಳ ಹೆಬ್ಬೆರಳಿನ ಅಳತೆಗೆ ಗಾಳಿ ಬಿಡಿಸಿಕೊಂಡು ಹೋಗುತ್ತಿದ್ದ ಸಂಗತಿ ಇವರಿಗೇನು ಗೊತ್ತು? ಮಯೂರಿ ಮೂವತ್ತು ಹೊಡೆದು ಕಳಿಸಿದಳು. ಬೀಳಲಿ.

ಬಿದ್ದ. ಸಂಜೆ ಮೊಣಕೈ ತರಚಿಕೊಂಡು ಬಂದ. ಮುಂದಿನ ವಾರವೂ ಬಿದ್ದ. ಮೂರನೆಯ ರವಿವಾರ ಅವಳಿಗೇ ನೋಡಲಾಗಲಿಲ್ಲ. ಕೇಳದೆ ಕುಕ್ಕರಗಾಲಲ್ಲಿ ಕೂತು, ಹಿಂದಿನ ಚಕ್ರದ ಗಾಳಿ ಬಿಟ್ಟಳು. ಆಮೇಲೆ ಅವನ ಹೆಬ್ಬೆರಳನ್ನು ಹಿಡಿದು ಟೈರಿನ ಮೇಲೆ ಒತ್ತಿದಳು.

‘ರೊಟ್ಟಿ ಹಿಟ್ಟು ನಾದಿದ ಮ್ಯಾಲೆ ಎಷ್ಟು ಮೆತ್ತಗಿರತೈತಿ, ಅಷ್ಟು.’

‘ನಾ ಹಿಟ್ಟು ನಾದಿಲ್ರಿ.’

‘ಅದು ನೋಡಿದ್ರನ ಗೊತ್ತಾಗತೈತಿ.’

ಅವನು ಟೈರು ನೋಡಲಿಲ್ಲ, ಅವಳನ್ನು ನೋಡಿದ. ರೆಪ್ಪೆ ಬಡಿಯದೆ, ನಕಾಶೆಯಲ್ಲಿ ಕಾಣದ ಊರೊಂದು ಎದುರಾದಾಗ ನೋಡುವ ಹಾಗೆ. ಹಿಡಿದ ಬೆರಳನ್ನು ಬಿಡುವುದು ಮರೆತಿದ್ದೇನೆಂದು ಆಗ ಅವಳಿಗೆ ಹೊಳೆಯಿತು. ಕೈ ಕೊಡವಿಕೊಂಡು ಎದ್ದಳು.

ಆ ಸಂಜೆ ಮೊಣಕೈ ನೆಟ್ಟಗಿತ್ತು. ಮುಂದಿನ ತಿಂಗಳು ಗೋಕಾಕದ ಬಂಡೆಗಳ ಮೇಲೆ ನಡೆದ ಸ್ಪರ್ಧೆಯಲ್ಲಿ ಅವನಿಗೆ ಮೂರನೇ ಸ್ಥಾನ ಬಂತು. ಇನ್ನು ಇವನಿಗೆ ಅಂಗಡಿಯ ಕೆಲಸವಿಲ್ಲ ಎಂದುಕೊಂಡಳು. ಮರು ರವಿವಾರ ನೋಡಿದರೆ ಮತ್ತೆ ಹಾಜರು, ಟೈರಿನಲ್ಲಿ ಮತ್ತೆ ಮೂವತ್ತು. ಬೈದಳು, ಗಾಳಿ ಬಿಟ್ಟಳು. ಅದರ ಮರು ವಾರವೂ ಅದೇ ಮೂವತ್ತು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಅವನಿಗಿಂತ ಹೆಚ್ಚು ಅಸಹ್ಯ ಅವಳಿಗೆ ತನ್ನ ಮೇಲೆಯೇ ಬಂದಿದ್ದು, ರವಿವಾರ ಮಾತ್ರ ಎರಡೆರಡು ಸಲ ಸೋಪು ಹಚ್ಚಿ ಮುಖ ತೊಳೆಯುತ್ತಿದ್ದೇನೆಂದು ತಿಳಿದಾಗ.

ಅಷ್ಟರಲ್ಲಿ ಮೂಡಲಗಿಯ ಓಂಕಾರ ಬಂದು ಅವಳನ್ನು ನೋಡಿಕೊಂಡು ಹೋದ. ಸ್ಪೇರ್ ಪಾರ್ಟ್ಸ್ ಅಂಗಡಿಯ ಮಾಲೀಕ. ಅವಳ ಉಗುರಿನ ಕಪ್ಪು ಕಂಡು, ಮದುವೆಯಾದ ಮೇಲೆ ಈ ಹೊಲಸು ಕೆಲಸ ಇರುವುದಿಲ್ಲ ಎಂದು ದೊಡ್ಡ ಉಪಕಾರ ಮಾಡಿದವನಂತೆ ಹೇಳಿದ. ಸೋಮವಾರ ಉತ್ತರ ಕೊಡಬೇಕಿತ್ತು. ಮನಸ್ಸಿನಲ್ಲಿ ಬೇರೆ ಯಾರಾದರೂ ಇದ್ದರೆ ಹೇಳು ಎಂದು ಅವ್ವ ಉದ್ದವ್ವ ಕೇಳಿದಳು. ಏನಂತ ಹೇಳುವುದು? ಗಾಳಿಯ ಹೊರತು ಇನ್ನೊಂದು ಮಾತಾಡದ ಸರ್ವೆಯರ್ ಇದ್ದಾನೆ ಅಂತಲೇ? ಮಯೂರಿ ಸುಮ್ಮನಿದ್ದಳು. ಸುಮ್ಮನಿದ್ದರೆ ಒಪ್ಪಿದಂತೆಯೇ ಲೆಕ್ಕ.

ಸೋಮವಾರದ ಹಿಂದಿನ ದಿನ ಸುಶಾಂತ ಬಂದ. ಮೂವತ್ತು ಪೌಂಡ್, ಎಂದಿನಂತೆ. ಟೈರಿನ ವಾಲ್ವ್ ಬಿಚ್ಚುವ ಅಂಗಡಿಯ ಕೀಲಿ ಸಿಗದೆ ಅವನ ಚೀಲಕ್ಕೆ ಕೈ ಹಾಕಿದಳು. ಸಿಕ್ಕಿದ್ದು ಪುಟ್ಟದೊಂದು ಮೀಟರ್, ಸೊನ್ನೆಯಿಂದ ಹದಿನೈದರವರೆಗಿನದು. ಅಂಚಿನಲ್ಲಿ ಗುಡ್ಡದ ಕೆಂಪು ಮಣ್ಣು. ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಸರ್ವೆಯರನ ಗುಂಡಗಿನ ಅಕ್ಷರ: ಹಿಂದೆ ಐದು, ಮುಂದೆ ಆರು.

ಇದು ಯಾವಾಗಿನದು ಎಂದು ಕೇಳಿದಳು. ಗೋಕಾಕದ ಸ್ಪರ್ಧೆಗೆ ಮೊದಲೇ ತರಿಸಿದ್ದು ಎಂದ. ಹಾಗಾದರೆ ಈ ಮೂವತ್ತು? ಹುಕ್ಕೇರಿ ಬಿಡುವಾಗ ತಾನೇ ಹೊಡೆಸುವುದು ಎಂದು ನೆಲ ನೋಡುತ್ತ ಒಪ್ಪಿಕೊಂಡ.

‘ಯಾಕ?’

‘ಆ ಮೀಟರ್ ಬೈಯೂದಿಲ್ರಿ.’

ಮಯೂರಿಗೆ ನಗು ಬಂತು. ನಗುವಿನ ಹಿಂದೆಯೇ ಸಿಟ್ಟು ನುಗ್ಗಿ ಬಂತು. ಮೀಟರನ್ನು ಸಾಮಾನಿನ ರಾಶಿಯ ಮೇಲೆ ಎಸೆದಳು.

‘ಊರ ಹೊಲಾ ಅಳಿಯಾವ್ರು ನೀವು. ಒಂದ ಮಾತಾಡಾಕ ಎರಡ ತಿಂಗಳ ಬೇಕಾತಾ? ನಾಳೆ ಅಪ್ಪ ಮೂಡಲಗಿಯವ್ರಿಗೆ ಹೂಂ ಅಂತಾನ. ಆಮ್ಯಾಲೆ ಯಾರ ಕಡೆ ಬೈಸ್ಕೋತೀರಿ?’

ಅವನ ಮುಖ ಬಿಳಿಚಿತು. ಬಂಡೆಯಿಂದ ಬಿದ್ದ ದಿನವೂ ಹಾಗೆ ಬಿಳಿಚಿರಲಿಲ್ಲ.

‘ನನಗ ನೀವು ಬೇಕ್ರಿ, ಮಯೂರಿ. ಈ ಅಂಗಡಿ, ಈ ಕಪ್ಪು ಕೈ, ಈ ಬೈಗುಳಾ, ಎಲ್ಲಾ ಸೇರೇ ಬೇಕು.’

‘ನನಗ ಹೇಳಿದ್ರ ಏನ ಬಂತು? ಅಪ್ಪ ಒಳಗ ಊಟಕ್ಕ ಕುಂತಾನ. ಹೋಗಿ ಹೇಳ್ರಿ.’

ಹೋದ. ಹೊಸ್ತಿಲು ಎಡವಿಯೇ ಹೋದ, ಪೆದ್ದ.

ಮಯೂರಿ ಕೂತು ಗಾಳಿ ಬಿಡತೊಡಗಿದಳು. ಒಳಗೆ ಅವನ ತೊದಲು ಮಾತು ಕೇಳಿಸಿತು. ಟೈರಿನ ಮೇಲೆ ಹೆಬ್ಬೆರಳು ಒತ್ತಿದಳು. ಕಿವಿ ಮಾತ್ರ ಒಳಗೇ ಇತ್ತು. ಐದೋ, ಹತ್ತೋ? ಆರು ವರ್ಷದಲ್ಲಿ ಮೊದಲ ಸಲ ತಿಳಿಯಲಿಲ್ಲ. ಆಚೀಚೆ ನೋಡಿ, ಎಸೆದಿದ್ದ ಮೀಟರನ್ನೇ ಕಳ್ಳಿಯಂತೆ ಎತ್ತಿಕೊಂಡು ವಾಲ್ವಿಗೆ ಹಚ್ಚಿದಳು. ಸರಿಯಾಗಿ ಐದು.

ಒಳಗಿನಿಂದ ಅಪ್ಪನ ದನಿ ಬಂತು. ‘ಮಯೂರಿ, ಕೈ ತೊಳ್ಕೊಂಡು ಇನ್ನೊಂದು ತಾಟ ಹಚ್ಚ ಬಾರವಾ. ಸರ್ವೆಯರ್ ಊಟಕ್ಕ ಕುಂದರ್ತಾನಂತ.’