ನೋಡಲು ಬಂದವರು ಕೇಳಿದ ಪ್ರಶ್ನೆ

'ನಾಳೆ ಬರುವವರು ನನಗೆ ಇಷ್ಟವಾಗಿಬಿಟ್ಟರೆ ಏನು ಮಾಡಲಿ?'

ಡೈರಿಯಲ್ಲಿ ಇಷ್ಟೇ ಬರೆದು ವನಮಾಲಾ ಮುಚ್ಚಿಟ್ಟಳು.

ಇಷ್ಟವಾಗದಿದ್ದರೆ ತೊಂದರೆಯೇ ಇರಲಿಲ್ಲ. ಬಿ.ಎ. ಮುಗಿಸಿ ಒಂದು ವರ್ಷ ಕಾದ ಮೇಲೆ ಬಾಂದ್ರಾದ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ ಸಿಕ್ಕಿತ್ತು. ಬರುವ ಶುಕ್ರವಾರ, ಜೂನ್ ಹದಿನೈದಕ್ಕೆ ಸೇರಬೇಕು. ಆ ಪತ್ರವನ್ನು ಅವ್ವ ಶರಣವ್ವ ಅಕ್ಕಿ ಡಬ್ಬಿಯ ಕೆಳಗೆ ಇಟ್ಟುಬಿಟ್ಟಿದ್ದಳು.

"ಬಂದವರ ಮುಂದ ನೌಕರಿ ಮಾತು ಎತ್ತಬ್ಯಾಡ. ಏನು ಕೇಳಿದ್ರೂ 'ನಿಮ್ಮ ಇಚ್ಛೆ' ಅನ್ನು. ಮರ್ಯಾದಸ್ಥರ ಮನಿ ಹುಡುಗೇರು ಹಂಗ ಅಂತಾರ."

"ಹೆಸರು ಏನಂತ ಕೇಳಿದ್ರೂ?"

"ನಿನ್ನ ನಾಲಿಗಿ ನನ್ನ ಮುಂದಷ್ಟ ಓಡತೈತಿ ನೋಡು."

ಅದು ನಿಜ. ಹೊರಗಿನವರ ಮುಂದೆ ಅವಳಿಗೆ ಮಾತೇ ಹೊರಡುತ್ತಿರಲಿಲ್ಲ.

ಭಾನುವಾರ ಹತ್ತು ಗಂಟೆಗೆ ಸಯನ್‌ನ ಅವರ ಎರಡು ಕೋಣೆಯ ಮನೆಗೆ ಶಿವಪುತ್ರಪ್ಪ ಬಂದ. ಜೊತೆಗೆ ಅವನ ಸೋದರತ್ತೆ ಚಂದ್ರವ್ವ. ವಿಜಾಪುರದ ಕಡೆಯವನು. ಫೋರ್ಟ್‌ನ ಕಂಪನಿಯೊಂದರಲ್ಲಿ ನಕ್ಷೆ ಬರೆಯುವ ಕೆಲಸ; ವಾಸ ಬಾಂದ್ರಾದಲ್ಲಿ, ಅತ್ತೆಯ ಮನೆಯಲ್ಲಿ.

ಚಹಾ ಇಡುವಾಗ ವನಮಾಲಾ ಕಣ್ಣೆತ್ತಿದಳು. ಅದೇ ಹೊತ್ತಿಗೆ ಅವನೂ...

ಅವನ ಬೆರಳ ತುದಿಯಲ್ಲಿ ಕಪ್ಪು ಶಾಯಿ. ತಿಕ್ಕಿ ತೊಳೆದರೂ ಹೋಗದ ಶಾಯಿ. ಅವಳು ನೋಡಿದ್ದು ಗೊತ್ತಾಗಿ ಅವನು ಕೈ ಮಡಚಿಕೊಂಡ.

'ಆಯಿತು... ಇಷ್ಟವಾಗಿಬಿಟ್ಟರು.'

ಚಂದ್ರವ್ವ ಚೀಲದಿಂದ ಹಾಳೆ, ಪೆನ್ಸಿಲ್ ತೆಗೆದಳು. ಅವರ ಕಡೆ ಹೆಣ್ಣು ನೋಡುವಾಗ ಹುಡುಗಿಯಿಂದ ಹೆಸರು ಬರೆಸಿ ನೋಡುವುದು ರೂಢಿ.

"ಹೆಸರು ಬರದು ತೋರಸವಾ."

"ಅತ್ತಿ, ಅವರು ಬಿ.ಎ. ಆಗ್ಯಾರ," ಎಂದ ಶಿವಪುತ್ರಪ್ಪ.

"ಆಗಲಿ. ನಾ ನೋಡೇನೇನು?"

ವನಮಾಲಾ ಬರೆದಳು. ಚಂದ್ರವ್ವನಿಗೆ ಓದಲು ಬರುತ್ತಿರಲಿಲ್ಲ. ಆದರೂ ಹಾಳೆಯನ್ನು ಬೆಳಕಿಗೆ ಹಿಡಿದು, "ಅಕ್ಷರ ದುಂಡಗದಾವ," ಎಂದಳು.

"ನಂದೂ ಒಂದು ಪ್ರಶ್ನಿ ಐತ್ರಿ," ಎಂದ ಶಿವಪುತ್ರಪ್ಪ. "ಲಗ್ನ ಆದಮ್ಯಾಲೆ ಕೆಲಸಕ್ಕ ಹೋಗಬೇಕಂತೀರೋ, ಮನ್ಯಾಗ ಇರಬೇಕಂತೀರೋ? ಹೇಳಾಕ ಸಂಕೋಚ ಆದ್ರ ಆ ಹಾಳಿ ಮ್ಯಾಲೇ ಬರೀರಿ."

ಹಾಳೆ ಮತ್ತೆ ಅವಳ ಮುಂದೆ ಬಂತು. ಪೆನ್ಸಿಲ್ ನಿಂತಿತು. 'ಪರೀಕ್ಷೆ ಮಾಡುತ್ತಿದ್ದಾರೆಯೇ? ಕೆಲಸ ಎಂದರೆ ಎದ್ದು ಹೋಗುತ್ತಾರೆಯೇ?' ಬಾಗಿಲ ಬಳಿ ಅವ್ವ ನಿಂತಿದ್ದಳು.

'ನಿಮ್ಮ ಇಚ್ಛೆ' ಎಂದು ಬರೆದಳು.

ಅವನು ಓದಿದ. ಚಹಾ ಪೂರ್ತಿ ಕುಡಿಯದೆ ಕಪ್ಪು ಇಟ್ಟ.

ಬುಧವಾರ ಅಪ್ಪ ನೀಲಕಂಠಪ್ಪ ಆಫೀಸಿನಿಂದ ಬಂದವರು ಕೋಟು ಬಿಚ್ಚುತ್ತಲೇ ಹೇಳಿದರು: "ಅವರಿಗೆ ಒಪ್ಪಿಗಿ ಇಲ್ಲಂತ. ಕಾರಣಾ ಹೇಳಿಲ್ಲ."

"ನೌಕರಿ ಸುದ್ದಿ ಹ್ಯಾಂಗೋ ಗೊತ್ತಾಗಿರಬೇಕು," ಎಂದಳು ಶರಣವ್ವ. "ಇನ್ನೊಂದು ಕಡೆ ಲಗ್ನ ಗೊತ್ತಾಗೂತನಕ ಈಕಿ ಮನ್ಯಾಗ ಇರಲಿ."

"ನೀ ಏನಂತಿ?" ಅಪ್ಪ ಮಗಳನ್ನು ಕೇಳಿದರು.

ಅವಳು ಅಡುಗೆಮನೆಗೆ ಹೋಗಿ ಅಕ್ಕಿ ಡಬ್ಬಿ ಸರಿಸಿ ಪತ್ರ ತೆಗೆದುಕೊಂಡಳು. ಆ ಹೊತ್ತಿಗೆ ಕಣ್ಣು ತುಂಬಿದ್ದವು. ಆದರೂ ಶುಕ್ರವಾರ ಬೆಳಿಗ್ಗೆ ಊಟದ ಡಬ್ಬಿ ಕಟ್ಟಿಕೊಂಡು, ದಾದರ್‌ನಲ್ಲಿ ಗಾಡಿ ಬದಲಿಸಿ ಬಾಂದ್ರಾಕ್ಕೆ ಹೋದಳು.

ಕೆಲಸ ದೊಡ್ಡದೇನಲ್ಲ. ಪುಸ್ತಕಕ್ಕೆ ನಂಬರು ಅಂಟಿಸಬೇಕು, ಕಾರ್ಡು ಬರೆಯಬೇಕು, ಕೇಳಿದವರಿಗೆ ಹುಡುಕಿ ಕೊಡಬೇಕು. ಮೂರನೇ ವಾರಕ್ಕೆಲ್ಲ, ಗದ್ದಲ ಮಾಡುವ ಹುಡುಗರನ್ನು ಸುಮ್ಮನಿರಿಸುವಷ್ಟು ಧ್ವನಿ ಅವಳಿಗೆ ಬಂದಿತ್ತು. ಅದು ತನ್ನದೇ ಧ್ವನಿ ಎಂದು ಅವಳಿಗೇ ಆಶ್ಚರ್ಯ.

ಆ ವಾರ ಡೈರಿಯಲ್ಲಿ ಬರೆದಳು: 'ಸಂತೋಷವಾಗಿದ್ದೇನೆ. ಸುಳ್ಳಲ್ಲ. ಆದರೂ ಸಂಜೆ ಸ್ಟೇಶನ್ನಿನಲ್ಲಿ ಗಂಡಸರ ಕೈಬೆರಳು ನೋಡುತ್ತ ನಿಲ್ಲುತ್ತೇನೆ.'

ಮರುದಿನ ಸಂಜೆ ಬಾಂದ್ರಾ ಸ್ಟೇಶನ್ನಿನ ಸೇತುವೆ ಹತ್ತುತ್ತಿದ್ದಳು. ಮೇಲಿನಿಂದ ಶಿವಪುತ್ರಪ್ಪ ಇಳಿಯುತ್ತಿದ್ದ. ಇಬ್ಬರೂ ಮೆಟ್ಟಿಲ ಮೇಲೇ ನಿಂತರು.

"ನೀವು... ಇಲ್ಲಿ?"

"ಕೆಲಸಕ್ಕ ಬರ್ತೀನ್ರಿ. ಕಾಲೇಜ್ ಲೈಬ್ರರಿ."

"ಯಾವಾಗಿಂದ?"

"ನೀವು ಬ್ಯಾಡ ಅಂದ ಎರಡು ದಿನಕ್ಕ."

"ಅಹೋ, ಬಾಜೂಲಾ ವ್ಹಾ!" ಪಕ್ಕಕ್ಕೆ ಸರಿಯಿರೆಂದು ಬುಟ್ಟಿ ಹೊತ್ತ ಮೀನಿನವಳು ಮರಾಠಿಯಲ್ಲಿ ಗದರಿದಳು. ಇಬ್ಬರೂ ಕಂಬಿಗೆ ಒರಗಿದರು.

"ಅಂದ್ರ ನಾ ಕೇಳಿದಾಗ ನೌಕರಿ ಸಿಕ್ಕಿತ್ತು?"

"ಹೂಂ. ಹೇಳಿದ್ರ ಬ್ಯಾಡ ಅಂತೀರಂತ ಹೇಳಲಿಲ್ಲ. ಹೇಳದಿದ್ರೂ ಬ್ಯಾಡ ಅಂದ್ರಿ."

ಅವನು ನಕ್ಕ. ನಗು ಬೇಗ ನಿಂತಿತು.

"ನಮ್ಮವ್ವ ಇಪ್ಪತ್ತು ವರ್ಷ ನಮ್ಮಪ್ಪಗ 'ನಿಮ್ಮ ಇಚ್ಛೆ' ಅಂದ್ಕೋತ ಬಂದ್ಲು. ಆಕಿಗೆ ಏನು ಬೇಕಿತ್ತಂತ ಅಪ್ಪಗ ಕಡೀತನಕ ತಿಳೀಲಿಲ್ಲ. ಆಕಿ ಸತ್ತಮ್ಯಾಲೆ ಅದನ್ನ ಹೇಳಿ ಅಳತಿದ್ದ. ನೀವೂ ಅದನ್ನ ಬರದಾಗ... ನನಗ ಅಂಜಿಕಿ ಆತು."

ವನಮಾಲಾ ಕಂಬಿ ಹಿಡಿದಳು. ಕೆಳಗೆ ಅವಳ ಗಾಡಿ ಬಂದು ನಿಂತಿತು. ಅವಳು ಕದಲಲಿಲ್ಲ. ಹೊರಟೂ ಹೋಯಿತು.

"ನಾಳೆ ಅತ್ತಿ ಜೋಡಿ ಬೆಳಗಾವಿಗೆ ಹೊಂಟೀನಿ," ಎಂದ ಅವನು, ಹಳಿಯ ಕಡೆ ನೋಡುತ್ತ. "ಇನ್ನೊಂದು ಹೆಣ್ಣು ನೋಡಾಕ. ಹೋಗಲೇನು?"

ಸುತ್ತ ಅಷ್ಟು ಜನ. ಇದನ್ನು ಬರೆಯಲು ಹಾಳೆ ಇಲ್ಲ. ಮನೆಗೆ ಹೋಗಿ ಡೈರಿಯಲ್ಲಿ ಬರೆದರೆ ಅವನು ಓದುವುದಿಲ್ಲ.

"ಹೋಗಬ್ಯಾಡ್ರಿ," ಎಂದಳು.

"ಯಾಕ?"

"ನನಗ ಈ ಕೆಲಸಾ ಬೇಕು. ನೀವೂ ಬೇಕು."